ಮಂಗಳಾರತಿಗೆ ಓಡಿದ ಎಂಜಿನ್

ಕೃಷ್ಣೆಯನ್ನು ದಾಟಿಸುವ ಕೈಗಳಿಗೂ, ದಾಟಿಸುವ ಯಂತ್ರವನ್ನು ಬಲ್ಲ ಕೈಗಳಿಗೂ ಮೊದಲು ನನ್ನ ನಮಸ್ಕಾರ. ಅವರ ಋಣದಲ್ಲಿ ನಿಂತೇ ಈ ನಾಲ್ಕು ಮಾತು ಬರೆಯುತ್ತಿದ್ದೇನೆ.

ಮಿಸ್ತ್ರಿಯವರ ಬಲಗೈಯ ಹಿಂಬದಿಯಲ್ಲಿ ಒಂದು ಕೂದಲೂ ಇರಲಿಲ್ಲ. ಚರ್ಮ ಬೆಂದು, ಬಿಳಿಚಿ, ಹಳೆಯ ತಾಳೆಗರಿಯಂತೆ ನುಣುಪಾಗಿತ್ತು. ಓಡುವ ಎಂಜಿನ್ನಿನ ಪಕ್ಕದಿಂದ ಹೊರಚಿಮ್ಮುವ ನೀರಿನ ಸಣ್ಣ ಧಾರೆಗೆ ಆ ಕೈಯನ್ನು ಒಡ್ಡಿ, ಕಣ್ಣು ಮುಚ್ಚಿ, ಒಳಗಿನ ಶಾಖವನ್ನು ಅಳೆಯುತ್ತಿದ್ದರು. ರಾಯಚೂರಿನಲ್ಲಿ ದೋಣಿಯ ಎಂಜಿನ್ ದುರಸ್ತಿ ಮಾಡುವ ಸಣ್ಣ ಅಂಗಡಿ ಅವರದು. ಎಲ್ಲರಂತೆ ನಾನೂ ಅವರನ್ನು ಹಾಗೆಯೇ ಕರೆಯುತ್ತಿದ್ದೆ.

ಅವರು ಯಾರನ್ನೂ ನಂಬುತ್ತಿರಲಿಲ್ಲ. ಎಂಜಿನ್ನಿಗೆ ಹಾಕುವ ಹೊಸ ರಬ್ಬರನ್ನು ಮೂಸಿ, ಮಡಚಿ ನೋಡದೆ ಕೊಳ್ಳುತ್ತಿರಲಿಲ್ಲ. ಚಹಾದ ಗ್ಲಾಸನ್ನೂ ಬೆಳಕಿಗೆ ಹಿಡಿದೇ ಕುಡಿಯುವರು. "ಎಲ್ಲಾ ಬರೋಬ್ಬರಿ ಅದ" ಎಂದು ಯಾರಾದರೂ ಹೇಳಿದರೆ, "ನಾ ಇನ್ನಾ ನೋಡಿಲ್ಲಲ್ಲ" ಎನ್ನುವರು.

ದೇವದುರ್ಗದ ಕಡೆ ನದಿಯ ನಡುಗಡ್ಡೆಯಲ್ಲಿರುವ ಗುಡಿಯ ಪೂಜೆ ನನ್ನ ಪಾಲಿಗೆ ಬಂದ ಭಾಗ್ಯ. ನನ್ನನ್ನೂ ಭಕ್ತರನ್ನೂ ದಾಟಿಸಲು ಗುಡಿಯ ಹಿರಿಯರು ಒಂದು ದೋಣಿ ಇಟ್ಟಿದ್ದಾರೆ. ಅದರ ಹಿಂಬದಿಗೆ ಬಿಗಿದ ಎಂಜಿನ್ನನ್ನು ನಡೆಸುವವನು ಮಾನ್ವಿ ತಾಲೂಕಿನ ಕುರ್ಡಿಯಿಂದ ಬಂದ ಅಂಬಿಗ. ಎರಡು ವರ್ಷಗಳ ಹಿಂದೆ ಆ ಎಂಜಿನ್ ನಡುನೀರಿನಲ್ಲಿ ಕಾದು ನಿಲ್ಲತೊಡಗಿತು. ಅದೂ ಪ್ರತಿ ಅಮಾವಾಸ್ಯೆಯ ಮರುದಿನವೇ. ಎಂಜಿನ್ ದುರಸ್ತಿಗೆ ಹೋದೊಡನೆ ಅಂಬಿಗ ಕುರ್ಡಿಯ ದಾರಿ ಹಿಡಿಯುತ್ತಿದ್ದ. ಅಲ್ಲಿ ಅವನ ತಾಯಿ ಹಾಸಿಗೆ ಹಿಡಿದಿದ್ದಳು. ರಜೆಗಾಗಿ ಇವನೇ ಕೆಡಿಸುತ್ತಿದ್ದಾನೆಂಬ ಸಂಶಯ ನನ್ನೊಳಗೆ ಬೇರೂರಿತು. ಜಪಕ್ಕೆ ಕುಳಿತಾಗಲೂ ಒಂದು ಕಣ್ಣು ಅವನ ಕೈಚೀಲದ ಮೇಲಿರುತ್ತಿತ್ತು.

ಮೂರನೆಯ ಸಲ ಕೆಟ್ಟಾಗ, ಅವನನ್ನು ಕೆಲಸದಿಂದ ಬಿಡಿಸಿರೆಂದು ಹಿರಿಯರಿಗೆ ಹೇಳಿದೆ. ಮಿಸ್ತ್ರಿಯವರು ಹೌದೆಂದರೆ ಬಿಡಿಸೋಣ ಎಂದರು ಅವರು. ಎಂಜಿನ್ನನ್ನು ಟೆಂಪೋಗೆ ಹೇರಿಸಿ, ಅಂಬಿಗನನ್ನೂ ಕರೆದುಕೊಂಡು ರಾಯಚೂರಿಗೆ ಹೋದೆ. ಅವನನ್ನು ಹಿಂದೆ ಎಂಜಿನ್ನಿನ ಪಕ್ಕದಲ್ಲಿ ಕೂರಿಸಿ, ನಾನು ಮುಂದೆ ಕುಳಿತೆ.

"ಒಳಗೆ ಉಸುಕು ಹಾಕ್ಯಾನೇನು ನೋಡ್ರಿ," ಎಂದೆ, ಅಂಬಿಗನಿಗೆ ಕೇಳಿಸುವಂತೆಯೇ.

"ಆಚಾರ್ರ, ನೀವು ತೀರ್ಪು ಬರಕೊಂಡೇ ಬಂದೀರಿ," ಎಂದರು ಮಿಸ್ತ್ರಿಯವರು. "ನನಗ ಅವನ ಮ್ಯಾಲೂ ಸಂಶೇ ಅದ, ನಿಮ್ಮ ಮ್ಯಾಲೂ ಅದ. ಸುಮ್ನ ಕುಂಡ್ರಿ."

ನೀರು ಒಳಬರುವ ಜಾಲರಿಯಲ್ಲಿ ಪಾಚಿ ಇರಲಿಲ್ಲ. ಕೊಳವೆಗೆ ತಂತಿ ತೂರಿಸಿದರು, ಅದೂ ಕಟ್ಟಿರಲಿಲ್ಲ. ಕೊನೆಗೆ ಕೆಳಭಾಗವನ್ನು ಬಿಚ್ಚಿ, ನದಿಯ ನೀರನ್ನು ಮೇಲೆತ್ತಿ ಎಂಜಿನ್ನನ್ನು ತಂಪಾಗಿಡುವ ಪುಟ್ಟ ರಬ್ಬರ್ ಚಕ್ರವನ್ನು ಹೊರತೆಗೆದರು. ಹಿಂದಿನ ತಿಂಗಳು ಅವರೇ ಹಾಕಿದ್ದ ಹೊಸ ಚಕ್ರ. ಅದರ ರೆಕ್ಕೆಗಳು ಕಮರಿದ್ದವು. ಎರಡು ಮುರಿದೇ ಹೋಗಿದ್ದವು.

"ಉಸುಕಾಗಿದ್ರ ಗೀರು ಬೀಳತಿದ್ವು. ಇದು ಸುಟ್ಟದ್ದು. ಯಾರೋ ನೀರಿನಿಂದ ಹೊರಗ ತಗದು ಒಣಾ ಓಡಿಸ್ಯಾರ," ಎಂದು ಅಂಬಿಗನತ್ತ ತಿರುಗಿದರು. ಅವನು ತಲೆ ತಗ್ಗಿಸಿದ. ನನ್ನ ಮಾತೇ ನಿಜವಾಯಿತೆಂದು ನಾನು ಒಳಗೊಳಗೇ ಹಿಗ್ಗಿದೆ.

ಮಿಸ್ತ್ರಿಯವರು ಆ ತಗ್ಗಿದ ತಲೆಯನ್ನೂ ನಂಬಲಿಲ್ಲ. "ಅಮಾಸಿ ದಿನ ಏನೇನ್ ಮಾಡ್ತೀರಿ? ಮುಂಜಾನಿಂದ ಹೇಳ್ರಿ."

ಅಭಿಮಾನದಿಂದಲೇ ವಿವರಿಸಿದೆ. ಎಂಜಿನ್ನನ್ನು ದೋಣಿಯಿಂದ ಬಿಚ್ಚಿಸಿ, ತೊಳೆಸಿ, ಗುಡಿಯ ಮೆಟ್ಟಿಲ ಮೇಲೆ ಮರದ ಚೌಕಟ್ಟಿಗೆ ನಿಲ್ಲಿಸಿ ಗಂಧ, ಕುಂಕುಮ ಏರಿಸುತ್ತೇವೆ. ಘಂಟಾನಾದದೊಡನೆ ಅದರ ನಾದವೂ ಸೇರಲೆಂದು, ಮಂಗಳಾರತಿ ಮುಗಿಯುವವರೆಗೂ ಅದನ್ನು ಚಾಲೂ ಇಡುವ ಕ್ರಮವನ್ನು ಈಚೆಗೆ ನಾನೇ...

ಹೇಳುತ್ತ ಹೇಳುತ್ತ ನನ್ನ ಧ್ವನಿ ಇಳಿಯಿತು.

ಅವರು ನಗಲಿಲ್ಲ. ಅಂಬಿಗನನ್ನು ಚಹಾ ತರಲು ಕಳಿಸಿ, ನನ್ನ ಬಳಿ ಸರಿದು ಮೆಲ್ಲಗೆ ಹೇಳಿದರು: "ಪೂಜಿ ಬಿಡ್ರಿ ಅಂತ ನಾ ಅನ್ನಂಗಿಲ್ಲ. ನೀರಾಗ ಇಟ್ಟು ಮಾಡ್ರಿ. ನಿಮ್ಮ ಹಿರೇರು ಕೇಳಿದ್ರ ರಬ್ಬರ್ ಸುಟ್ಟಿತ್ತು ಅಂತೀನಿ, ಅಷ್ಟ. ಹೆಂಗ ಸುಟ್ಟಿತು ಅನ್ನೋದು ನೀವು ಹೇಳಬೇಕು."

ಚಹಾ ಬಂತು. "ನಿನಗೆ ಗೊತ್ತಿತ್ತೇನು?" ಎಂದು ಅಂಬಿಗನನ್ನು ಕೇಳಿದೆ.

"ಅನುಮಾನ ಇತ್ರೀ ಆಚಾರ್ರ. ಒಮ್ಮಿ ಬಂದ್ ಮಾಡಾಕ ಕೈ ಹಾಕಿದ್ದೆ. ನೀವು ಮಂತ್ರ ಬಿಡಲಾರದನ ಕಣ್ಣು ಕಿಸದ್ರಿ. ಕೈ ಹಿಂದ ತಗೊಂಡೆ."

ಆಗ ಮಾತ್ರ ಮಿಸ್ತ್ರಿಯವರು ನಕ್ಕರು. "ಕುಡೀರಿ ಇಬ್ರೂ. ಚಹಾ ಆರಾಕತ್ತದ."

ಮರುದಿನ ಹಿರಿಯರೆದುರು ತಪ್ಪು ನನ್ನದೆಂದು ಒಪ್ಪಿಕೊಂಡೆ. ಅಂಬಿಗನ ಕೆಲಸ ಉಳಿಯಿತು. ತಾಯಿಯನ್ನು ನೋಡಿಬರಲು ತಿಂಗಳಿಗೆ ಎರಡು ದಿನದ ರಜೆಯನ್ನೂ ಕೇಳಿ ಕೊಡಿಸಿದೆ. ಇಷ್ಟನ್ನು ಫೋನಿನಲ್ಲಿ ತಿಳಿಸಿದಾಗ ಮಿಸ್ತ್ರಿಯವರು "ಅಚ್ಛಾ" ಎಂದರು. ಆಮೇಲೆ ಅಂಬಿಗನಿಗೂ ಫೋನು ಮಾಡಿ, ನಾನು ನಿಜವಾಗಿ ಹೇಳಿದೆನೋ ಇಲ್ಲವೋ ಎಂದು ಖಾತ್ರಿ ಮಾಡಿಕೊಂಡರಂತೆ.

ಈ ಬೇಸಿಗೆಯಲ್ಲಿ ಅವರು ತೀರಿಕೊಂಡರು. ನಾನೂ ಅಂಬಿಗನೂ ಒಂದೇ ಬಸ್ಸಿನಲ್ಲಿ ರಾಯಚೂರಿಗೆ ಹೋಗಿ, ಅವರ ಕೊನೆಯ ನಮಾಜು ಮುಗಿಯುವವರೆಗೆ ಮಸೀದಿಯ ಹೊರಗೆ ನಿಂತು ಬಂದೆವು. ನಾನು ಒಬ್ಬನನ್ನೇ ಸಂಶಯಿಸಿ ಸುಮ್ಮನಾಗಿದ್ದೆ. ಅವರು ನನ್ನನ್ನೂ ಬಿಡದೆ ಸಂಶಯಿಸಿದ್ದರಿಂದ ಒಂದು ಮನೆಯ ಅನ್ನ ಉಳಿಯಿತು.

ಅವರಿಗೆ ಸದ್ಗತಿಯಾಗಲಿ. ಕುರ್ಡಿಯ ಆ ತಾಯಿ ಎದ್ದು ಓಡಾಡುವಂತಾಗಲಿ. ವಿಚಾರಿಸದೆ ತೀರ್ಪು ಕೊಡದ ನಮ್ಮ ಹಿರಿಯರು ನೂರ್ಕಾಲ ಬಾಳಲಿ. ನನ್ನ ಕಣ್ಣಿಗೆ ಅಂಜಿ ಕೈ ಹಿಂದೆಗೆದವನಿಗೆ, ಇನ್ನು ಮುಂದೆ ನನ್ನ ಮಂತ್ರದ ನಡುವೆಯೂ "ಬಂದ್ ಮಾಡ್ರಿ" ಎನ್ನುವ ಧೈರ್ಯವನ್ನು ಭಗವಂತ ಕೊಡಲಿ.