ಡಾಕ್ಟರು ಹೇಳದ ಮಾತು

ಡಾಕ್ಟರು ಆ ಮಾತು ಹೇಳಿರಲಿಲ್ಲ. ಅವರ ಹೆಸರಿನಲ್ಲಿ ನಾನೇ ಹೇಳಿದೆ. ನನ್ನ ತಂಗಿ ಕಸ್ತೂರಿ ಅದನ್ನು ಹನ್ನೊಂದು ವರ್ಷ ನಂಬಿದಳು.

ಆಗ ಅವಳಿಗೆ ಇಪ್ಪತ್ತಾರು. ಇನ್ನೂ ಮದುವೆಯಾಗದೆ ಬಬಲೇಶ್ವರದ ನಮ್ಮ ತವರಿನಲ್ಲಿ ಹೊಲಿಗೆ ಕೆಲಸ ಮಾಡಿಕೊಂಡಿದ್ದಳು. ನಾನು ವಿಜಯಪುರದಲ್ಲಿ ಶಿಕ್ಷಕಿ, ಮನೆ ಜಲನಗರದಲ್ಲಿ. ಕಾರಣವೇ ಇಲ್ಲದೆ ಅವಳ ಎದೆ ಹೊಡೆದುಕೊಳ್ಳುತ್ತಿತ್ತು, ಕೈ ನಡುಗುತ್ತಿತ್ತು, ಇನ್ನೇನು ಸತ್ತೇಹೋದೆ ಅನ್ನುವಂಥ ಭಯ. ಹೃದಯದ ರೋಗವಿರಬಹುದೆಂದು ನಮ್ಮ ಮನೆ ಹತ್ತಿರದ ದವಾಖಾನೆಗೆ ಕರೆದೊಯ್ದೆ. ಇಸಿಜಿ ಸರಿಯಾಗಿತ್ತು. ಅವಳು ರಕ್ತ ಪರೀಕ್ಷೆಗೆ ಹೋಗಿದ್ದಾಗ ಡಾಕ್ಟರು ನನಗೆ ಹೇಳಿದರು:

"ಟೀಚರ್, ಹಾರ್ಟ್ ಈಗ ಛಲೋ ಅದ. ಆದ್ರ ಈ ಗಾಬರಿನೂ ಒಂದು ಜಡ್ಡೇ. ವರ್ಷಾನುಗಟ್ಟಲೆ ಹಂಗ ಬಿಟ್ರ ನಿದ್ದಿ ಹೋಗ್ತದ, ಬಿಪಿ ಏರ್ತದ, ಹಾರ್ಟಿಗೂ ಭಾರ ಬೀಳ್ತದ. ಮಾನಸಿಕ ಡಾಕ್ಟ್ರಿಗೆ ತೋರಸ್ರಿ. ಗುಣ ಆಗ್ತದ."

ಚೀಟಿಯನ್ನೂ ಬರೆದುಕೊಟ್ಟರು.

ಆ ವಾರವಷ್ಟೇ ಅವಳಿಗೆ ಕಳ್ಳಕವಟಗಿ ಊರಿನ ಗಂಡಿನ ಸಂಬಂಧ ಕುದುರಿತ್ತು. ಕುದುರಿಸಿದವಳು ನಾನು. ಮಾನಸಿಕ ಡಾಕ್ಟರ ಬಾಗಿಲಲ್ಲಿ ಬೀಗರ ಕಡೆಯವರು ಯಾರಾದರೂ ನೋಡಿದರೆ — ಅಲ್ಲಿಗೇ ನಿಲ್ಲಿಸಿದೆ, ಮುಂದೆ ಯೋಚಿಸಲಿಲ್ಲ. ಅವಳ ಒಳ್ಳೆಯದಕ್ಕೇ ಅಂದುಕೊಂಡೆ. ನಿಜವೆಂದರೆ ನನ್ನ ಮಾತು ಕೆಳಗೆ ಬೀಳಬಾರದಿತ್ತು, ಅಷ್ಟೇ. ಸಿದ್ಧೇಶ್ವರ ಗುಡಿಯ ಹತ್ತಿರ ಸೀರೆ ಕೊಳ್ಳಲು ಹೋದಾಗ ಚೀಟಿ ಹರಿದು ಎಸೆದೆ.

"ಡಾಕ್ಟ್ರು ಏನಂದ್ರು ಯಕ್ಕಾ?" ಎಂದು ದವಾಖಾನೆಯಿಂದ ಬರುವ ದಾರಿಯಲ್ಲಿ ಕೇಳಿದಳು.

"ಏನೂ ಇಲ್ಲಂತ. ಬರೇ ನಾಟಕ ಅಂದ್ರು."

ಅವಳಿಗೆ ಡಾಕ್ಟರ ಮೇಲೆ ಸಿಟ್ಟು ಬರಲಿಲ್ಲ. ನಾಚಿಕೆ ಬಂತು. ಮುಖ ನೋಡಿದರೆ ಗೊತ್ತಾಗುತ್ತಿತ್ತು — ನೋಡಿಯೂ ಮದುವೆ ಸೀರೆಯ ಮಾತು ತೆಗೆದೆ.

ಮದುವೆಯಾಯಿತು. ಗಂಡ ಮಲ್ಲಪ್ಪ ಒಳ್ಳೆಯ ಮನುಷ್ಯ, ದ್ರಾಕ್ಷಿ ಬೆಳೆಯುವವನು. ಮೊದಮೊದಲು ಅವಳು ಫೋನ್ ಮಾಡುತ್ತಿದ್ದಳು: "ಯಕ್ಕಾ, ಎದಿ ಮತ್ತ ಹಾರಾಕತ್ತೈತಿ."

"ಮತ್ತ ಚಾಲೂ ಮಾಡಿದ್ಯಾ?" ಅನ್ನುತ್ತಿದ್ದೆ.

ಆಮೇಲೆ ಹೇಳುವುದನ್ನೇ ಬಿಟ್ಟಳು. ವಾಸಿಯಾಗಿದೆ ಎಂದುಕೊಂಡೆ — ಹಾಗೆ ಅಂದುಕೊಳ್ಳುವುದು ಸುಲಭವಿತ್ತು.

ಕಳೆದ ವರ್ಷ ಒಣದ್ರಾಕ್ಷಿ ಶೆಡ್ಡಿನಲ್ಲಿ ಕಸ ಆರಿಸುತ್ತ ಕೂತಿದ್ದಾಗ ಅವಳಿಗೆ ಎದೆನೋವು ಬಂತು. ಬೆಳಿಗ್ಗೆ ಎಂಟರ ಹೊತ್ತು. ಮೈಯೆಲ್ಲ ಬೆವರು, ಎಡಗೈ ಸೆಳೆತ. ಯಾರಿಗೂ ಹೇಳಲಿಲ್ಲ. ಕೆಲಸ ಮಾಡುತ್ತಲೇ ಇದ್ದಳು. ಮಧ್ಯಾಹ್ನ ಒಂದು ಗಂಟೆಗೆ ಕುಸಿದು ಬಿದ್ದಾಗ ಮಲ್ಲಪ್ಪ ತಿಕೋಟಾ ಊರು ದಾಟಿ ವಿಜಯಪುರದ ಆಸ್ಪತ್ರೆಗೆ ತಂದ. ಜೀವ ಉಳಿಯಿತು. ಹೃದಯದ ಸ್ನಾಯುವಿನ ಒಂದು ಭಾಗ ಸತ್ತುಹೋಗಿತ್ತು. ಈಗ ನಾಲ್ಕು ಮೆಟ್ಟಿಲು ಹತ್ತಿದರೆ ಅವಳು ನಿಲ್ಲಬೇಕು.

"ಇಷ್ಟೊತ್ತು ಯಾಕ ಸುಮ್ನಿದ್ರಿ?" ಎಂದು ಅಲ್ಲಿಯ ಡಾಕ್ಟರು ಕೇಳಿದರು.

"ನಂದು ನಾಟಕ ಇರ್ತೈತ್ರಿ," ಅಂದಳು ಕಸ್ತೂರಿ. "ಹಿಂದ ಡಾಕ್ಟ್ರೇ ಹೇಳಿದ್ರು."

ನಾನು ಮಂಚದ ಪಕ್ಕದಲ್ಲೇ ನಿಂತಿದ್ದೆ. ಏನೂ ಅನ್ನಿಸಲಿಲ್ಲ. ಅಳು ಬರಲಿಲ್ಲ. ಅವಳ ಹೊದಿಕೆ ಸರಿಮಾಡಿದೆ.

ಹೃದಯಾಘಾತಕ್ಕೆ ಕಾರಣ ಒಂದೇ ಅಲ್ಲ ಎಂದು ಆ ಡಾಕ್ಟರು ಬಿಡಿಸಿ ಹೇಳಿದರು. ಯಾರೂ ಪರೀಕ್ಷಿಸದ ಬಿಪಿ ಇತ್ತು. ಇಷ್ಟು ವರ್ಷ ಚಿಕಿತ್ಸೆಯಿಲ್ಲದ ಗಾಬರಿಯೂ ಅಪಾಯವನ್ನು ಹೆಚ್ಚಿಸಿರಬಹುದು. 'ಇರಬಹುದು' — ಆ ಪದದ ಹಿಂದೆ ಕೆಲವು ತಿಂಗಳು ಅಡಗಿಕೊಂಡೆ. ಆದರೆ ಅವಳು ನೋವು ನುಂಗಿ ಕೂತ ಆ ಐದು ತಾಸು... ಅದು ನನ್ನದೇ. ಅದರಲ್ಲಿ 'ಇರಬಹುದು' ಏನೂ ಇಲ್ಲ.

ಹೋದ ತಿಂಗಳು ಅವಳ ಮನೆಯಲ್ಲಿ, ಅವಳೆದುರು ಕೂತು, ಎಲ್ಲವನ್ನೂ ಹೇಳಿದೆ. ಪೂರ್ತಿ ಕೇಳಿದಳು.

"ಹಂಗಾರ, ನಾ ಸುಳ್ಳ ಹೇಳಾಕತ್ತಿಲ್ಲ ಅಂತ ನಿಂಗ ಗೊತ್ತಿತ್ತು?"

"ಗೊತ್ತಿತ್ತು."

"ಗುಣ ಆಗ್ತದ ಅಂದಿದ್ರಾ?"

"ಹೂಂ. ಅಂದಿದ್ರು."

ಅವಳೂ ಅಳಲಿಲ್ಲ. ಕ್ಷಮಿಸು ಎಂದು ನಾನು ಕೇಳಲಿಲ್ಲ — ಕೇಳಿದ್ದರೆ ಅವಳು ಕ್ಷಮಿಸಿಬಿಡುತ್ತಿದ್ದಳು.

ಕಳೆದ ವಾರ ಮಾನಸಿಕ ಡಾಕ್ಟರ ಹತ್ತಿರ ಹೋದೆವು. ಹೆಸರು ಕೂಗಿದಾಗ ನಾನೂ ಎದ್ದೆ. ಕಸ್ತೂರಿ ನನ್ನ ಭುಜದ ಮೇಲೆ ಕೈಯಿಟ್ಟು ಕೂರಿಸಿದಳು.

"ನೀ ಬರಬ್ಯಾಡ ಯಕ್ಕಾ. ಏನಂತಾರ, ನಾನೇ ಕೇಳ್ತೀನಿ."