ಫೋಟೊ ಹಿಂದಿನ ‘ನಮ್ಮ ಪಾವಿ’

ಒರಳಿನಲ್ಲಿ ಉದ್ದು ರುಬ್ಬುತ್ತಿದ್ದೆ. ಮೈದುನ ಅಂಗಳದಲ್ಲಿ ಸೈಕಲ್ ನಿಲ್ಲಿಸುತ್ತಲೇ ಕೂಗಿದ: “ಅತ್ತಿಗೆ, ಪಂಚಾಯ್ತಿ ಎಲೆಕ್ಷನ್ ಬಂದ್ಬುಡ್ತು! ನೋಟೀಸ್‌ಗೆ ಅಣ್ಣಂದು ಹಳೇ ಫೋಟೊ ಬೇಕು.”

ಎಂಬತ್ತರ ದಶಕದ ಮಾತು. ತಮಿಳುನಾಡಿನ ಕಾರಮಡೈ ಕಡೆಯ ನಮ್ಮ ಊರಲ್ಲಿ ಎಷ್ಟೋ ವರ್ಷದಿಂದ ಆ ಎಲೆಕ್ಷನ್ ನಡೆದಿರಲಿಲ್ಲ. ಯಜಮಾನರು ಮದುವೆಗೆ ಮುಂಚೆ ಒಂದು ಸಲ ಮೆಂಬರಾಗಿದ್ದರಂತೆ. ಆ ಮಾತು ತೆಗೆದರೆ ಸಾಕು, ಎದ್ದು ತೋಟಕ್ಕೆ ಹೋಗಿಬಿಡುವರು. ಯಾಕಿರಬಹುದು ಅಂತ ನನಗೆ ತಿಳಿಯುವ ಆಸೆ ಇದ್ದೇ ಇತ್ತು.

ಕೈ ತೊಳೆದು, ತೀರಿಹೋದ ಮಾವನವರ ಪೆಟ್ಟಿಗೆ ತೆಗೆದೆ. ತಳದಲ್ಲಿ ಪೇಪರು ಸುತ್ತಿದ ಫೋಟೊ. ಹುಳ ಮುಟ್ಟಿರಲಿಲ್ಲ, ದೇವರು ರಂಗನಾಥ ಅಷ್ಟು ಉಳಿಸಿದ್ದ. ಚಿಗುರು ಮೀಸೆಯ ಯಜಮಾನರು, ಕೊರಳಲ್ಲಿ ಹಾರ, ಕೈ ಹೊಸ ಬಾವಿಯ ಕಟ್ಟೆ ಮೇಲೆ. ತಿರುಗಿಸಿದರೆ ತಮಿಳು ಅಕ್ಷರ. ಕೂಡಿಸಿ ಓದಿದೆ: ‘ನಮ್ಮ ಪಾವಿ.’

ತಮಿಳಲ್ಲಿ ಪಾವಿ ಅಂದರೆ ಪಾಪಿ. ದೇವರೇ, ಏನು ಮಾಡಿದ್ದರು ಇವರು?

“ಸಿಕ್ತಾ?” ಯಜಮಾನರು ಬಾಗಿಲಲ್ಲಿದ್ದರು. “ಅದು ಅಪ್ಪನ ಬರವಣಿಗೆ. ಮನೆ ಕೆಲ್ಸ ಬುಟ್ಟು ಊರು ಸುತ್ತಿದ್ನಲ್ಲ, ಆ ಕೋಪ. ಫೋಟೊ ಬಂದ ತಿಂಗ್ಳೇ ಹೋಗ್ಬುಟ್ರು, ಕೇಳೋಕೂ ಆಗ್ಲಿಲ್ಲ. ಒಳಗಿಡು. ನಾ ನಿಲ್ಲಲ್ಲ.”

ನಾನು ತಾಳವಾಡಿಯ ಕನ್ನಡ ಶಾಲೆಯಲ್ಲಿ ಓದಿದವಳು. ಈ ಮನೆಯವರು ಆಡುವುದು ಕನ್ನಡ, ಬರೆಯುವುದು ತಮಿಳು ಅಕ್ಷರದಲ್ಲಿ. ಅದರಲ್ಲಿ ಪ, ಬ ಎರಡಕ್ಕೂ ಒಂದೇ ಅಕ್ಷರ. ಏನೋ ಹೊಳೆದು, ಪೆಟ್ಟಿಗೆಯಲ್ಲೇ ಇದ್ದ ಮಾವನವರ ತೋಟದ ನೋಟ್‌ಬುಕ್ ಬಿಚ್ಚಿದೆ.

“ಇದನ್ನ ಓದಿ.”

“‘ಬಾಳೆ ನೆಟ್ಟೆವು.’ ಅದ್ರಲ್ಲೇನು?”

ಪಕ್ಕಕ್ಕೆ ಫೋಟೊ ಹಿಡಿದೆ. “ಬಾಳೆ, ಪಾವಿ, ಎರಡರ ಮೊದಲ್ನೇ ಅಕ್ಷರಾನೂ ಒಂದೇ ಅಲ್ವಾ? ಅದು ಬಾಳೆ ಆದ್ರೆ ಇದು?”

ಅದನ್ನೂ ಇದನ್ನೂ ನೋಡಿದರು. ತುಟಿ ಆಡಿತು. “ನಮ್ಮ... ಬಾವಿ.” ಹಾಗೇ ಹೊಸಲಿನ ಮೇಲೆ ಕುಳಿತರು. “ಮೆಂಬರಾಗಿ ಊರ ಬಾವಿ ತೋಡ್ಸುವಾಗ ಅಪ್ಪ ಒಂದ್ಸಲ ಬಂದು ಎಟ್ಟಿ ನೋಡ್ನಿಲ್ಲ. ‘ನಮ್ಮ’ ಅಂತ ಬರ್ದವ್ರಲ್ಲೇ!”

ಮೈದುನ ಮೆಲ್ಲಗೆ ಕೇಳಿದ: “ಅಣ್ಣ, ಫೋಟೊ ತಗೊಳ್ಳಲಾ?”

“ತಗೊಂಡೋಗು. ಹಿಂದ್ಗಡೇದು ಮಾತ್ರ ಅಚ್ಚು ಹಾಕಿಸ್ಬ್ಯಾಡ. ‘ನಮ್ಮ ಪಾವಿ’ ಅಂತ ಓದ್ಬುಟ್ರೆ, ನೀನೂ ಓಟು ಹಾಕಲ್ಲ!”

ಅವರು ಎಲೆಕ್ಷನ್ ಮಾತಿಗೆ ನಕ್ಕಿದ್ದನ್ನು ನಾನು ಕಂಡದ್ದು ಅದೇ ಮೊದಲು. ಒರಳಿನ ಹಿಟ್ಟು ಮೇಲೆಲ್ಲ ಒಣಗಿತ್ತು. ನೀರು ಚಿಮುಕಿಸಿ ಮತ್ತೆ ರುಬ್ಬಲು ಕುಳಿತೆ.