ಗೌರಕ್ಕನ ಬೆನ್ನು, ಗೌಡರ ದೊಡ್ಡ ಗಾಡಿ

2024ರ ಹಿಂಗಾರಿ ಹಂಗಾಮು. ವಿಜಯಪುರದ ಇಬ್ರಾಹಿಂಪುರದಲ್ಲಿ ರೈಲ್ವೆ ಹಳಿಯ ಮಗ್ಗುಲಿಗಿರುವ ನನ್ನ ಗ್ಯಾರೇಜಿಗೆ ನಾನೇ ಮಾಲಕ, ನಾನೇ ಮಿಸ್ತ್ರಿ. ಆರನೆಯ ಇಯತ್ತೆಗೆ ಸಾಲಿ ಬಿಟ್ಟು ನಟ್ ಬಿಚ್ಚುವ ಪಾನಾ ಹಿಡಿದವನು. ಕೈಗೆ ಬಂದ ಗಾಡಿಯನ್ನು ಅರ್ಥವಾಗದೆ ವಾಪಸ್ ಕಳಿಸಿದ್ದು ನನಗೆ ನೆನಪಿಲ್ಲ. ಇದನ್ನು ಸೊಕ್ಕು ಎನ್ನುವವರು ಎನ್ನಲಿ, ದುಡಿದು ಗಳಿಸಿದ ಸೊಕ್ಕು.

ರಿಪೇರಿಯ ಜೊತೆಗೆ ನನಗೆ ಇನ್ನೊಂದು ಕೆಲಸವಿದೆ. ಬಳಸಿದ ಗಾಡಿ ಕೊಳ್ಳುವವರು ಮೊದಲು ನನಗೆ ತೋರಿಸುತ್ತಾರೆ. ಬಾನೆಟ್ ಎತ್ತುವುದು, ಅಡಿಗೆ ಮಲಗಿ ನೋಡುವುದು ಯಾವ ಮಿಸ್ತ್ರಿಯಾದರೂ ಮಾಡುತ್ತಾನೆ. ನನ್ನ ಪದ್ಧತಿ ಸ್ವಲ್ಪ ಬೇರೆ. ಆ ಗಾಡಿ ಯಾರಿಗಾಗಿ ಬರುತ್ತಿದೆಯೋ ಅವರ ಸೀಟಿನಲ್ಲಿ ನಾನು ಕೂಡುತ್ತೇನೆ. ಮೇಲಿನ ಹಿಡಿಕೆಗೆ ದಾರ ಕಟ್ಟಿ, ತುದಿಗೊಂದು ನಟ್ ಇಳಿಬಿಡುತ್ತೇನೆ, ಗೌಂಡಿ ಗೋಡೆಗೆ ಹಿಡಿಯುವ ಗುಂಡಿನ ಹಾಗೆ. ಗಾಡಿ ಒಳಗಿದ್ದವರನ್ನು ಎಷ್ಟು ತೂಗಾಡಿಸುತ್ತದೆ ಎಂಬುದನ್ನು ಆ ನಟ್ ಹೇಳುತ್ತದೆ. ಮೊದಮೊದಲು ಮಂದಿ ನಗುತ್ತಿದ್ದರು.

ಆ ವರ್ಷ ನನ್ನ ಹೆಂಡತಿ ತೀರಿಕೊಂಡು ಬಹಳ ದಿನವಾಗಿರಲಿಲ್ಲ. ಮಗಳು ಸೊಲ್ಲಾಪುರದಲ್ಲಿ ಗಂಡನ ಮನೆಯಲ್ಲಿ. ದಿನವಿಡೀ ಎಂಜಿನ್ ಸಪ್ಪಳದಲ್ಲಿ ಇರುವವನಿಗೆ ಷಟರ್ ಎಳೆದು ಮನೆಗೆ ಹೋದರೆ ಕಿವಿ ಗವ್ವೆನ್ನುತ್ತಿತ್ತು. ಎರಡು ರೊಟ್ಟಿಗಾಗಿ ಒಲೆ ಹೊತ್ತಿಸಲು ಬೇಸರವಾಗಿ ಖಾನಾವಳಿಗೆ ಹೋಗುತ್ತಿದ್ದೆ. ಅಲ್ಲಿ ಬಡಿಸುವವನು "ಇನ್ನೊಂದು ಹಾಕಲ್ರಿ?" ಅಂದರೆ ಅದೇ ಆ ದಿನದ ಮಾತುಕತೆ. ಕೆಲಸ ಬಂದರೆ ಊರಾಚೆಯದೇ ಬರಲಿ, ಹೊತ್ತು ಹೋಗಲಿ ಎನ್ನಿಸುತ್ತಿದ್ದ ಕಾಲ. ಅಂಥದ್ದರಲ್ಲಿ ತಿಕೋಟಾದ ಗೌಡರ ಫೋನು ಬಂತು. ದ್ರಾಕ್ಷಿ ಬೆಳೆದು, ಒಣಗಿಸಿ, ಮಣೂಕ ಮಾಡಿ ಮಾರುವ ದೊಡ್ಡ ಕುಳ. ಹಳೆಯ ಗಿರಾಕಿ.

"ಮಿಸ್ತ್ರಿ, ಬೆಳಗಾವಿಯಿಂದ ಒಂದು ಗಾಡಿ ಬರಾಕತ್ತೈತಿ. ಗುಡ್ಡಾ ಹತ್ತತೈತಂತ, ನೀರಾಗ ನಡೀತೈತಂತ. ನೀ ನೋಡಿ ಹೂಂ ಅಂದ್ರ ತಗೋತೀನಿ."

"ಈಗ ಇರೋ ಗಾಡಿಗೆ ಏನಾಗೇತ್ರಿ ಗೌಡ್ರ?"

"ಗಾಡಿಗೇನಾಗಿಲ್ಲೋ. ನಿಮ್ಮ ಅಕ್ಕಗ ಆಗೇತಿ."

ಅಕ್ಕ ಎಂದರೆ ಅವರ ಹೆಂಡತಿ ಗೌರಕ್ಕ. ಹಿಂದಿನ ವರ್ಷ ಮಣೂಕದ ಶೆಡ್ಡಿನ ಮೆಟ್ಟಿಲಿನಿಂದ ಬಿದ್ದು ಬೆನ್ನುಹುರಿಗೆ ಪೆಟ್ಟಾಗಿತ್ತು. ಆಪರೇಷನ್ ಆಗಿತ್ತು. ವಾರಕ್ಕೊಮ್ಮೆ ವಿಜಯಪುರಕ್ಕೆ ಬಂದು ಫಿಜಿಯೋಥೆರಪಿ ಮಾಡಿಸಿಕೊಂಡರೆ ನಡೆಯುತ್ತೀರಿ, ಇಲ್ಲದಿದ್ದರೆ ಕಾಲು ಸೆಟೆದುಕೊಳ್ಳುತ್ತವೆ ಎಂದು ಡಾಕ್ಟರು ಹೇಳಿದ್ದರು. ಆದರೆ ಗೌಡರ ತೋಟದ ಮನೆ ಇರುವುದು ತಿಕೋಟಾ ಮತ್ತು ಬಬಲೇಶ್ವರದ ನಡುವೆ, ಡಾಂಬರು ರಸ್ತೆಯಿಂದ ಬಹಳ ಒಳಗೆ. ರಸ್ತೆ ಮುಟ್ಟಲು ಒಂದೇ ಬಂಡಿದಾರಿ. ಎರಡು ಸಲ ಆ ದಾರಿಯಲ್ಲಿ ಹೋಗಿಬಂದ ಗೌರಕ್ಕ, ಬೆನ್ನು ಹಿಡಿದುಕೊಂಡು ಹಾಸಿಗೆಗೆ ಬಿದ್ದು, ಇನ್ನು ಬರುವುದಿಲ್ಲ ಎಂದು ಹಟ ಹಿಡಿದಿದ್ದರು. ಆ ಮೇಲೆ ಹೊಸ್ತಿಲು ದಾಟಿರಲಿಲ್ಲ.

ಹೇಳಿದ ದಿನ ತಿಕೋಟಾಕ್ಕೆ ಹೋದೆ. ಗಾಡಿ ನಿಜಕ್ಕೂ ರಾಜನ ಹಾಗಿತ್ತು. ತಂದಿದ್ದ ಏಜೆಂಟ್ ಕೈಯಲ್ಲಿ ಟ್ಯಾಬ್ ಹಿಡಿದು, ಕಲ್ಲಿಗೊಂದು ಮೋಡ್, ಉಸುಕಿಗೊಂದು ಮೋಡ್, ಕೆಸರಿಗೊಂದು ಮೋಡ್ ಎಂದು ಒಂದೇ ಉಸಿರಿಗೆ ಹೇಳಿದ. ಗೌಡರು ಕೇಳಿದರು: "ಎರಿ ಹೊಲಕ್ಕ ಯಾವ ಮೋಡ್ ಐತಿ?" ಅವನು ಟ್ಯಾಬ್ ನೋಡಿದ. ಎರಿ ಎಂದರೆ ಕಪ್ಪು ಮಣ್ಣಿನ ನೆಲವೆಂದು ಅವನಿಗೆ ಗೊತ್ತಿರಲಿಲ್ಲ.

ಮೊದಲು ಡಾಂಬರು ರಸ್ತೆಯಲ್ಲಿ ಬಬಲೇಶ್ವರದವರೆಗೆ ಓಡಿಸಿದೆವು. ಗೌಡರು ಸ್ಟೇರಿಂಗ್ ಹಿಡಿದರು, ನಾನು ಹಿಂದಿನ ಸೀಟಿನಲ್ಲಿ ಗೌರಕ್ಕ ಒರಗುವ ಹಾಗೆ ಒರಗಿ ಕಣ್ಣು ಮುಚ್ಚಿದೆ. ಹೊಗಳಬೇಕಾದ್ದನ್ನು ಹೊಗಳಲೇಬೇಕು. ಆ ಗಾಡಿಗೆ ಕಬ್ಬಿಣದ ಸ್ಪ್ರಿಂಗ್ ಇಲ್ಲ. ಪ್ರತಿ ಚಕ್ರದ ಮೇಲೆ ಒಂದೊಂದು ರಬ್ಬರಿನ ಗಾಳಿಚೀಲ. ಇದಕ್ಕೆ ಏರ್ ಸಸ್ಪೆನ್ಷನ್ ಎನ್ನುತ್ತಾರೆ. ಕಂಪ್ರೆಸರ್ ಗಾಳಿ ತುಂಬಿದರೆ ಗಾಡಿ ಎದ್ದು ನಿಲ್ಲುತ್ತದೆ, ಬಿಟ್ಟರೆ ಒಂಟೆಯ ಹಾಗೆ ಕೂಡುತ್ತದೆ. ಬೆನ್ನು ನೋವಿನವರು ಹತ್ತಿಳಿಯಲು ಅದರಷ್ಟು ಅನುಕೂಲ ಇನ್ನೊಂದಿಲ್ಲ. ರಸ್ತೆಯ ತಗ್ಗುಗಳು ಸೀಟಿಗೆ ಮುಟ್ಟಲಿಲ್ಲ. ಬ್ರೇಕ್ ಹಾಕಿದರೆ ಮೂಗು ಬಗ್ಗಿಸಲಿಲ್ಲ. ಕಿಟಕಿ ಏರಿಸಿದರೆ ಹೊರಗಿನ ಟ್ರ್ಯಾಕ್ಟರ್ ಬಾಯಿ ಆಡಿಸಿದಂತೆ ಕಾಣುತ್ತಿತ್ತು, ಸಪ್ಪಳವೇ ಇಲ್ಲ. ಅಷ್ಟು ನಿಶ್ಶಬ್ದ ನನಗೆ ಹಿಡಿಸಲಿಲ್ಲ, ಅದು ನನ್ನ ಮಾತು ಬಿಡಿ. ನಟ್ ಅಲುಗಾಡದೆ ನಿಂತಿತ್ತು.

ಕುಂದುಗಳೂ ಕಾಣತೊಡಗಿದ್ದವು. ಟೈರಿನ ಗೋಡೆ ಸಣ್ಣದು, ರಿಮ್ ದೊಡ್ಡದು. ನೋಡಲು ಚೆಂದ, ಆದರೆ ಚೂಪು ಕಲ್ಲಿಗೆ ಬಡಿದರೆ ಪೆಟ್ಟು ನೇರ ರಿಮ್‌ಗೆ. ಗಾಳಿಚೀಲ ಒಂದು ತೂತಾದರೆ ಗಾಡಿ ಒಂದು ಮೂಲೆಗೆ ಕೂತುಬಿಡುತ್ತದೆ. ಅದನ್ನು ನನ್ನಂಥವನು ಬಿಚ್ಚಿ ಜೋಡಿಸಬಹುದು, ಆದರೆ ಹೊಸ ಚೀಲ ಹಾಕಿದ್ದೇವೆಂದು ಅದರ ಕಂಪ್ಯೂಟರಿಗೆ ಹೇಳುವ ಯಂತ್ರ ನನ್ನ ಹತ್ತಿರ ಇಲ್ಲ. ಟ್ರಕ್ ಮೇಲೆ ಹೇರಿಕೊಂಡು ಬೆಳಗಾವಿಗೇ ಹೋಗಬೇಕು. ಇವೆಲ್ಲ ಗೌಡರು ತಡೆದುಕೊಳ್ಳುವ ಕುಂದುಗಳು.

ತಡೆದುಕೊಳ್ಳಲಾಗದ್ದು ಬಂಡಿದಾರಿಯಲ್ಲಿ ಸಿಕ್ಕಿತು. ದಾರಿಯ ಮೊದಲ ಭಾಗ ಎರಿ ಹೊಲದಲ್ಲಿ ಹಾಯುತ್ತದೆ. ಮಳೆ ಬಂದಾಗ ಟ್ರ್ಯಾಕ್ಟರಿನ ಗಾಲಿ ಹೂತು ಬಿದ್ದ ಕೊರಕಲು, ನಮ್ಮ ಕಡೆಯ ಚಾಡಿ, ಆಮೇಲೆ ಒಣಗಿ ಕಲ್ಲಾಗುತ್ತದೆ. ನಡುವೆ ಮಣ್ಣಿನ ದಿಂಡು. ಗಾಡಿಯನ್ನು ಇಳಿಸಿಕೊಂಡು ಹೋದರೆ ಹೊಟ್ಟೆ ದಿಂಡಿಗೆ ತಾಗುತ್ತದೆ, ಏರಿಸಬೇಕು. ಏರಿಸಿದರೆ ಒಳಗೆ ಕೂತವರ ತಲೆಯೂ ಏರುತ್ತದೆ. ಟ್ರ್ಯಾಕ್ಟರಿನ ಅಳತೆಗೂ ಇದರ ಅಗಲಕ್ಕೂ ತಾಳೆಯಾಗದೆ ಒಂದು ಕಡೆಯ ಗಾಲಿ ಚಾಡಿಯಲ್ಲಿ, ಇನ್ನೊಂದು ಕಡೆಯದು ದಿಂಡಿನ ಮೇಲೆ. ಜೋಳದ ದಂಟಿನ ಬುಡ ಒಂದು ಬೆರಳು ಅಲುಗಿದರೆ ತೆನೆ ಒಂದು ಮೊಳ ತೂಗುತ್ತದಲ್ಲ, ಹಾಗೆ ನಾನು ಸೀಟಿನಲ್ಲಿ ಎಡಕ್ಕೆ, ಬಲಕ್ಕೆ. ಮೇಲೆ ಕೆಳಗೆ ಕುಕ್ಕುವುದನ್ನು ಗಾಳಿಚೀಲ ನುಂಗಿತು, ಅಡ್ಡ ತೂಗುವುದನ್ನು ನುಂಗಲಿಲ್ಲ. ನಟ್ ಹೋಗಿ ಗಾಜಿಗೆ ಟಣ್ ಎಂದು ಬಡಿಯಿತು. ಪೆಟ್ಟಾದ ಬೆನ್ನಿಗೆ ಈ ಅಡ್ಡ ತೂಗಾಟವೇ ವೈರಿ.

ಗಾಡಿ ಗುಂಡಿಗಳನ್ನೆಲ್ಲ ದಾಟಿತು. ಅದರ ಬಗ್ಗೆ ಎರಡು ಮಾತಿಲ್ಲ. ದಾಟಿಸುವುದು ಅದರ ಕೆಲಸ, ಮಾಡಿತು.

ಮನೆ ಮುಂದೆ ಇಳಿದೊಡನೆ ಗೌಡರು, "ಏನಂತೀ?" ಎಂದರು.

"ಗಾಡಿಗೆ ಹೆಸರಿಡಂಗಿಲ್ರಿ. ಅಕ್ಕಾರಿಗೆ ಆಗಂಗಿಲ್ಲ. ಆ ಎರಿ ತುಕಡಿ ಅಷ್ಟಕ್ಕ ಗರಸು ಮಣ್ಣು ಹಾಕಿ ರೋಲರ್ ಹೊಡಸ್ರಿ. ಇರೋ ಗಾಡಿನೇ ತೊಟ್ಟಿಲಾಗತೈತಿ."

ಗೌಡರ ಮುಖ ಗಂಟಿಕ್ಕಿತು. "ನಿನ್ನ ಗಾಡಿ ನೋಡಾಕ ಕರಸೀನಿ. ದಾರಿ ನೋಡಾಕಲ್ಲ."

ಏಜೆಂಟ್ ತಟ್ಟನೆ ಬಾಯಿ ಹಾಕಿದ. "ಸರ್, ಇವರ ಕಾಲದ ಗಾಡಿಗಳೇ ಬೇರೆ."

"ಹೌದಪ, ನಮ್ಮ ಕಾಲದಾಗ ಗಾಡಿ ಮಾರೋರಿಗೆ ಎರಿ ಅಂದ್ರೇನಂತ ಗೊತ್ತಿತ್ತು," ಎಂದೆ. ಅವನು ಚಹದ ಕಪ್ ಹಿಡಿದುಕೊಂಡು ಅಂಗಳದ ಹಗ್ಗದ ಮಂಚದ ಮೇಲೆ ಹೋಗಿ ಕೂತ.

ಒಳಗಿಂದ ಗೌರಕ್ಕ ಕರೆದರು. ಕಿಟಕಿಯ ಪಕ್ಕದ ಮಂಚದಲ್ಲಿ ದಿಂಬಿಗೆ ಒರಗಿದ್ದರು. ಟಿವಿ ಹಚ್ಚಿತ್ತು, ನೋಡುತ್ತಿರಲಿಲ್ಲ. ಕುರ್ಚಿ ತೋರಿಸಿ, ಅವರು ಕೇಳಿದ್ದು ಗಾಡಿಯ ಸುದ್ದಿಯಲ್ಲ.

"ರಾಜೇಸಾಬ, ಊರಾಗ ಏನ್ ನಡದೈತೋ? ಬಜಾರದಾಗ ಮಂದಿ ಹಂಗ ತುಂಬತಾರೇನು? ಹೊಸಾ ಬಳಿ ಅಂಗಡಿ ಆಗ್ಯಾವೇನು?"

ನನಗೆ ತಿಳಿದಷ್ಟು ಹೇಳಿದೆ. ಬಳೆ ಅಂಗಡಿಯ ಕಡೆಗೆ ಹೋಗುವ ಕೆಲಸ ನನಗೂ ಇರಲಿಲ್ಲ. ಅವರು ಒಂದೊಂದು ಮಾತನ್ನೂ ಬೆಲ್ಲದ ಚೂರಿನ ಹಾಗೆ ಬಾಯಲ್ಲಿಟ್ಟುಕೊಂಡು ಕೇಳಿದರು. ಆಮೇಲೆ ದನಿ ಇಳಿಸಿದರು.

"ಗರಸು ಯಾಕ ಹಾಕ್ಸಂಗಿಲ್ಲ ಗೊತ್ತೈತೇನು ನಿನಗ? ಆ ಎರಿ ನನ್ನ ಮೈದುನ ಸಿದ್ದೂಂದು. ಪಾಲಾದ ಮ್ಯಾಲೆ ಅಣ್ಣ ತಮ್ಮ ಮಾತು ಬಿಟ್ಟಾರ. ಹಾಯಾಕ ಹಕ್ಕೈತಿ, ಆದ್ರ ಗರಸು ಹಾಕಬೇಕಂದ್ರ ಹೊಲದಾಂವನ್ನ ಒಂದು ಮಾತು ಕೇಳಬೇಕಲ್ಲ. ತಮ್ಮನ್ನ ಕೇಳೋ ಬದ್ಲಿ ಇವ್ರು ಇಂಥಾ ಗಾಡಿ ತರಾಕತ್ತಾರ."

ಆಗ ನನಗೆ ಗೌಡರ ಗಂಟುಮುಖ ತಿಳಿಯಿತು. ನಮ್ಮ ಕಡೆ ಪಾಲಾದ ಹೊಲಗಳಲ್ಲಿ ಇದು ಹೊಸದಲ್ಲ. ದಾರಿ ಕಾಗದದಲ್ಲಿ ಇರುತ್ತದೆ, ಅಣ್ಣತಮ್ಮರ ನಡುವೆ ಮಾತು ಇರುವುದಿಲ್ಲ.

ಗೌಡರು ಬಾಗಿಲಿಗೆ ಬಂದು, "ಇಂವನ ಮಾತು ಬಿಡು, ನೀನೇ ಒಮ್ಮೆ ಕುಂತು ನೋಡು," ಎಂದರು. ಗೌರಕ್ಕ ಒಂದು ಗಳಿಗೆ ಯೋಚಿಸಿ, "ನಡೀರಿ," ಎಂದರು. ನಾನು ಬೇಡವೆಂದೆ. ಯಾರೂ ಕೇಳಲಿಲ್ಲ. ಗಾಡಿ ಬಗ್ಗಿ ಕೂತಿತು, ಅವರು ನೋವಿಲ್ಲದೆ ಹತ್ತಿದರು. ಗೌಡರು ನನ್ನ ಕಡೆ ಒಂದು ನೋಟ ಎಸೆದರು. ನಾನು ಮುಂದೆ ಕೂತೆ, ಏಜೆಂಟ್ ಅಂಗಳದಲ್ಲೇ ಉಳಿದ.

ತಮ್ಮದೇ ತೋಟದ ಕೆಂಪು ಮಸಾರಿ ನೆಲ ಮುಗಿಯುವವರೆಗೆ ಎಲ್ಲ ಸುಸೂತ್ರ. ಎರಿ ಹೊಲದ ಚಾಡಿಗೆ ಗಾಲಿ ಇಳಿದ ಕೂಡಲೇ ಹಿಂದಿನಿಂದ "ಯವ್ವಾ" ಎಂಬ ದನಿ. ಕನ್ನಡಿಯಲ್ಲಿ ನೋಡಿದೆ. ಎರಡೂ ಕೈಯಿಂದ ಹಿಡಿಕೆ ಹಿಡಿದು, ತುಟಿ ಕಚ್ಚಿಕೊಂಡಿದ್ದರು.

"ನಿಲ್ಲಸ್ರಿ ಗೌಡ್ರ!" ಎಂದು ಕೂಗಿದೆ.

ಗಾಡಿ ಓರೆಯಾಗಿ ನಿಂತಿತು. ಮುಂದಿನ ಪರದೆಯ ಮೇಲೆ ಗಾಡಿಯ ಚಿತ್ರ, ಅದು ಎಷ್ಟು ವಾಲಿದೆ ಎಂಬ ಅಂಕಿ. ಗೌಡರು ಅದನ್ನೇ ನೋಡುತ್ತ ಕೂತರು. ದಾರಿಯ ಪಕ್ಕ ಬಿತ್ತಿದ ಕಡಲೆಯ ನಡುವೆ ಒಬ್ಬ ನಿಂತಿದ್ದ. ಟೊಂಕಕ್ಕೆ ಟವೆಲ್ ಸುತ್ತಿದ್ದ ಅವನದು ಅಚ್ಚು ಗೌಡರದೇ ಮೂಗು, ಗೌಡರದೇ ನಿಲುವು. ನೋಡಿಯೂ ಬರಲಿಲ್ಲ.

ಗೌರಕ್ಕ ಗಾಜು ಇಳಿಸಿದರು. "ಸಿದ್ದೂ! ಲೇ ಸಿದ್ದೂ! ಬಾ ಇಲ್ಲೆ!"

ಅವನು ಓಡಿಯೇ ಬಂದ. ಗೌಡರ ಬದಿಗೆ ಬರದೆ, ಸುತ್ತು ಹಾಕಿ ಗೌರಕ್ಕನ ಬಾಗಿಲಿಗೆ ಬಂದ. "ವೈನಿ... ಏನಿದು ಹಿಂಗ ಸೊರಗೀರಿ?"

"ಸೊರಗದ ಏನ್ ಮಾಡ್ಲಿ? ವರ್ಷಾತು, ನೀ ಒಮ್ಮೆ ಬಂದಿಯೇನು? ನಿನಗ ಮೂರು ಹೊತ್ತು ರೊಟ್ಟಿ ಬಡದು ಹಾಕೀನಿ. ಅದೂ ಪಾಲಿನಾಗ ಹೋತೇನು?"

ಸಿದ್ದು ನೆಲ ನೋಡಿದ. "ನಾ ಯಾವ ದಾರಿ ಬಂದ್ ಮಾಡಿಲ್ರಿ ವೈನಿ. ಗರಸು ಬ್ಯಾಡ ಅಂತನೂ ಅಂದಿಲ್ಲ. ಅಣ್ಣ ಒಂದು ಮಾತು ಕೇಳ್ಲಿ, ಅಷ್ಟ."

ಎಂಜಿನ್ ಇದೆಯೋ ಇಲ್ಲವೋ ಎಂಬಂತೆ ಗುರುಗುಡುತ್ತಿತ್ತು. ಗೌಡರ ಕಣ್ಣು ಇನ್ನೂ ಪರದೆಯಲ್ಲಿ.

"ಅದರಾಗ ಏನ್ ನೋಡ್ತೀರಿ?" ಗೌರಕ್ಕ ಗಂಡನನ್ನು ಕೇಳಿದರು. "ಗಾಡಿ ಎಷ್ಟು ವಾಲೈತಿ ಅಂತ ತೋರಸತೈತಿ ಅದು. ನನ್ನ ಮಾರಿ ತಿರುಗಿ ನೋಡ್ರಿ. ನಾ ಆ ಕಿಟಕ್ಯಾಗ ಕುಂತು ಸಾಯಂಗಿಲ್ಲ, ಹೇಳೀನಿ."

ಗೌಡರು ತಿರುಗಲಿಲ್ಲ. ಸ್ಟೇರಿಂಗ್ ಮೇಲಿನ ಕೈ ಬಿಗಿಯಾಯಿತು, ಸಡಿಲಾಯಿತು. ಕೊನೆಗೆ ಮುಂದಿನ ಗಾಜಿಗೆ ಹೇಳಿದಂತೆ ಹೇಳಿದರು:

"ಗರಸು ಯಾ ಕಡೀದು ಚಲೋ ಐತಿ?"

ಯಾರನ್ನು ಕೇಳಿದರೆಂದು ಯಾರಿಗೂ ಅನುಮಾನವಿರಲಿಲ್ಲ. ಗರಸಿನ ವಿಷಯ ನನಗೂ ಗೊತ್ತಿತ್ತು, ಬಾಯಿ ಮುಚ್ಚಿಕೊಂಡು ಕೂತೆ.

ಸಿದ್ದು ಟವೆಲಿನಿಂದ ಮುಖ ಒರೆಸಿದ. "ಇಟ್ಟಂಗಿಹಾಳ ಕಡೆ ಸಿಗೋದು ಚಲೋ ಐತಿ. ಮಣ್ಣಿನ ಹೆಂಟಿ ಕಡಿಮಿ. ಟ್ರ್ಯಾಕ್ಟರ್ ನಂದ ಐತಿ, ತರತೀನಿ."

"ಹೂಂ."

ಅಷ್ಟೇ. ಅದಕ್ಕಿಂತ ಹೆಚ್ಚು ಅಣ್ಣ ಕೇಳಲಿಲ್ಲ, ತಮ್ಮ ಬಯಸಲೂ ಇಲ್ಲ. ಗಾಡಿಯನ್ನು ಹಿಂದಕ್ಕೆ ತೆಗೆಯುವಾಗ ಸಿದ್ದು ಚಕ್ರದ ಪಕ್ಕ ನಡೆಯುತ್ತ, "ಎಡಕ್ಕ, ಇನ್ನಷ್ಟು ಎಡಕ್ಕ, ಸಾವಕಾಶ," ಎಂದು ಮನೆಯ ತನಕ ಬಂದ. ಗೌರಕ್ಕನನ್ನು ಇಳಿಸಲು ಒಂದು ಕಡೆ ಗಂಡ, ಒಂದು ಕಡೆ ಮೈದುನ. ನಾನು ಅಂಗಳದಲ್ಲಿ ನಿಂತು ದಾರ ಬಿಚ್ಚಿ ನಟ್ ಕಿಸೆಗೆ ಹಾಕಿಕೊಂಡೆ. ಒಳಗೆ ಚಹಕ್ಕಿಟ್ಟ ಸಪ್ಪಳ, ಮೂವರ ಮಾತಿನ ಸಪ್ಪಳ. ಕರೆಯುತ್ತಾರೇನೋ ಎಂದು ಸ್ವಲ್ಪ ಹೊತ್ತು ನಿಂತೆ. ಅವರಿಗೆ ಆಗ ನನ್ನ ನೆನಪಾಗಬೇಕಾಗಿರಲಿಲ್ಲ. ಏಜೆಂಟ್ ಬಂದು, "ಬಸ್‌ಸ್ಟ್ಯಾಂಡ್‌ಗೆ ಬಿಡಲಾ?" ಎಂದ. ಕಳೆದುಹೋದ ವ್ಯಾಪಾರದ ರಾಜಗಾಡಿಯಲ್ಲಿ ನಾವಿಬ್ಬರೂ ತಿಕೋಟಾದವರೆಗೆ ಬಂದೆವು.

ಇಂಥ ಗಾಡಿ ಕೊಳ್ಳಬಹುದೇ ಎಂದು ಈಗಲೂ ಜನ ನನ್ನನ್ನು ಕೇಳುತ್ತಾರೆ. ದೂರದ ಡಾಂಬರು ದಾರಿ ಓಡುವವರಿದ್ದರೆ, ಕೆಟ್ಟಾಗ ಬೆಳಗಾವಿಯವರೆಗೆ ಹೋಗುವ ತಾಳ್ಮೆ ಇದ್ದರೆ ಧಾರಾಳ ಕೊಳ್ಳಿರಿ, ಅಂಥ ಸುಖ ಬೇರೆ ಗಾಡಿಯಲ್ಲಿಲ್ಲ ಎನ್ನುತ್ತೇನೆ. ಕೆಟ್ಟ ದಾರಿಗಾಗಿ ಕೊಳ್ಳುವವರಿದ್ದರೆ, ಆ ದಾರಿ ಯಾಕೆ ಕೆಟ್ಟಿದೆ ಎಂದು ಮೊದಲು ಕೇಳುತ್ತೇನೆ. ಗಾಡಿ ನೋಡುವವನು ಗಾಡಿಯನ್ನಷ್ಟೇ ನೋಡಿದರೆ ಅರ್ಧ ನೋಡಿದ ಹಾಗೆ. ಇದು ಆ ಕೆಲಸ ಕಲಿಸಿದ ಒಂದು ಪಾಠ.

ಇನ್ನೊಂದು ಪಾಠವನ್ನು ವಾರಕ್ಕೊಮ್ಮೆ ಕಲಿಯುತ್ತಿದ್ದೇನೆ. ಫಿಜಿಯೋಥೆರಪಿಯ ಆಸ್ಪತ್ರೆ ನನ್ನ ಗ್ಯಾರೇಜಿನ ದಾರಿಯಲ್ಲೇ ಇದೆ. ಎರಿ ತುಕಡಿಗೆ ಗರಸು ಬಿದ್ದ ಮೇಲೆ ಗೌಡರ ಹಳೆಯ ಗಾಡಿ ನನ್ನ ಅಂಗಡಿಯ ಮುಂದೆಯೇ ಹೋಗುತ್ತದೆ, ಒಮ್ಮೊಮ್ಮೆ ಸಿದ್ದು ಓಡಿಸುತ್ತಿರುತ್ತಾನೆ. ಗೌರಕ್ಕ ಹಿಂದಿನ ಸೀಟಿನಲ್ಲಿ ನೆಟ್ಟಗೆ ಕೂತು ಏನೋ ಹೇಳುತ್ತಿರುತ್ತಾರೆ, ಅವನು ನಗುತ್ತಿರುತ್ತಾನೆ. ಎಂಜಿನ್ ಸಪ್ಪಳ ಕೇಳಿದರೆ ಸಾಕು, ಗಾಡಿ ತಂದುರುಸ್ತ ಇದೆ ಎಂದು ನನಗೆ ತಿಳಿಯುತ್ತದೆ. ನಿಲ್ಲಲು ಕಾರಣವಿಲ್ಲ, ನಿಲ್ಲುವುದಿಲ್ಲ. ಮಿಸ್ತ್ರಿಯ ಕೆಲಸ ಸರಿಯಾಗಿ ಆಯಿತೆಂದರೆ ಮಂದಿ ಅವನ ಅಂಗಡಿ ದಾಟಿ ಹೋಗುತ್ತಾರೆ.